ಎಣಿಕೆಗೆ ಸಿಗದ ಗ್ರಹಿಕೆ

ಕಣ್ಣಿದ್ದವರೆಲ್ಲರೂ ಕಾಣುತ್ತಾರೆ ಎಂಬುದು ಲೋಕದ ನಂಬಿಕೆ. ಆದರೆ ಕಾಣುವುದು ಬೇರೆ, ಗ್ರಹಿಸುವುದು ಬೇರೆ. ಪಂಚೇಂದ್ರಿಯಗಳು ಬಾಗಿಲುಗಳು ಮಾತ್ರ. ಬಾಗಿಲು ತೆರೆದಿದ್ದೂ ಮನೆಯೊಳಗೆ ಯಾರೂ ಇಲ್ಲದಿದ್ದರೆ ಬಂದ ಅತಿಥಿ ಹಾಗೆಯೇ ಹಿಂದಿರುಗುತ್ತಾನೆ. ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯೊಂದರಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ಮಾತಿಗೆ ನಿದರ್ಶನವಾಗಿದೆ.

ಆ ಮನೆಯ ಮಗ ಪದವಿ ಓದುತ್ತಿದ್ದ ಕಾಲಕ್ಕೆ ದೃಷ್ಟಿಯನ್ನು ಕಳೆದುಕೊಂಡ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಬೇನೆ ಅದು. ಮೊದಲು ಇರುಳಿನ ನೋಟ ಮಂಕಾಗುತ್ತದೆ. ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಬರುತ್ತದೆ. ಬೇಯಿಸಿ ಒಣಗಿಸಿದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ನೋಡಿದೊಡನೆ ಬೇರ್ಪಡಿಸುತ್ತಿದ್ದ ಹುಡುಗ ಕೆಲಸವಿಲ್ಲದೆ ಕೋಣೆ ಸೇರಿದ. ಅಂಗಳದಲ್ಲಿ ಹೆಂಗಸರು ಅಡಿಕೆ ಸುಲಿಯುವ ಸದ್ದು, ಹಂಡೆಯಲ್ಲಿ ಚೊಗರು ಕುದಿಯುವ ವಾಸನೆ ಎಲ್ಲವೂ ಇದ್ದವು. ಅವೆಲ್ಲ ತನಗೆ ಸಂಬಂಧಿಸಿದವಲ್ಲ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಅವನಿಗೆ ಆಸರೆಯಾದದ್ದು ಗಣಕಯಂತ್ರ. ತಾವೂ ದೃಷ್ಟಿಹೀನರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ. ಅದರ ನೆರವಿನಿಂದ ಅವನು ಒಂದು ಬಗೆಯ ಆಟವನ್ನು ಕಂಡುಕೊಂಡ. ಅದರಲ್ಲಿ ಚಿತ್ರವಿಲ್ಲ, ಇರುವುದೆಲ್ಲ ಬರಿಯ ಮಾತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ‘ಮಡ್’ ಎಂಬ ಹೆಸರಿನಲ್ಲಿ ಇಂಥ ಆಟಕ್ಕೆ ತಳಹದಿ ಹಾಕಿದರು. ಹಲವು ಊರುಗಳ ಜನ ಒಂದೇ ಕಾಲಕ್ಕೆ ಅದರೊಳಗೆ ಹೊಕ್ಕು, ಯಾವುದಾದರೊಂದು ಪಾತ್ರವನ್ನು ಧರಿಸಿ ಬಾಳುತ್ತಾರೆ. ಕಾಡು, ಗುಹೆ, ಸಂತೆ, ಕಳ್ಳ ಎಲ್ಲವೂ ವಾಕ್ಯರೂಪದಲ್ಲಿ ಬಂದು ನಿಲ್ಲುತ್ತವೆ. ಚಿತ್ರವಿಲ್ಲದ ಕಾರಣ ಕಣ್ಣಿದ್ದವನಿಗೂ ಇಲ್ಲದವನಿಗೂ ಅಲ್ಲಿ ಹೆಚ್ಚು ಭೇದವಿಲ್ಲ. ಲೋಕದ ನಾನಾ ಕಡೆಯ ಅಂಧರು ಈ ಆಟಗಳನ್ನು ನೆಚ್ಚಿಕೊಂಡಿರುವುದು ಇದರಿಂದಲೇ.

ಇಂಥ ಹಲವು ಆಟಗಳಲ್ಲಿ ‘ಗ್ರಹಿಕೆ’ಯೂ ಕಲಿಯಬೇಕಾದ ಒಂದು ವಿದ್ಯೆ. 1996ರಲ್ಲಿ ಆರಂಭವಾದ ಡ್ರ್ಯಾಗನ್‌ರೆಲ್ಮ್ಸ್ ಎಂಬ ಆಟದಲ್ಲಿ ಅದಕ್ಕೇ ಒಂದು ಪ್ರತ್ಯೇಕ ಎಣಿಕೆಯಿದೆ. ಸುತ್ತಲನ್ನು ಹುಡುಕು ಎಂಬ ಆಜ್ಞೆಯನ್ನು ಮತ್ತೆ ಮತ್ತೆ ಕೊಟ್ಟಂತೆ ಪಾತ್ರದ ಗ್ರಹಿಕೆ ಬಲಿಯುತ್ತದೆ. ಬಲಿತಷ್ಟೂ ಮರೆಯಲ್ಲಿ ಅಡಗಿರುವುದು ಗೋಚರಿಸುತ್ತದೆ. ಕಲಿತದ್ದೆಲ್ಲ ಒಡನೆಯೇ ವಿದ್ಯೆಯಾಗುವುದಿಲ್ಲ. ಅದು ಮೊದಲು ಮನಸ್ಸಿನಲ್ಲಿ ತುಂಬಿಕೊಂಡು, ಬಳಿಕ ಮೆಲ್ಲಮೆಲ್ಲನೆ ಇಂಗಬೇಕು. ಮನಸ್ಸು ತುಂಬಿದ್ದಾಗ ಇನ್ನೆಷ್ಟು ಯತ್ನಿಸಿದರೂ ಫಲವಿಲ್ಲ. ಉಂಡದ್ದು ಅರಗಬೇಕೆಂಬ ಹಿರಿಯರ ಮಾತನ್ನು ಆಟ ಕಟ್ಟಿದವರೂ ಬಲ್ಲವರಾಗಿದ್ದರು.

ಚನ್ನಗಿರಿಯ ತರುಣ ಆಡುತ್ತಿದ್ದದ್ದೂ ಈ ಬಗೆಯದೇ ಒಂದು ಆಟ. ಮೊದಮೊದಲು ಅವನು ಪ್ರತಿಯೊಂದು ವರ್ಣನೆಯನ್ನೂ ಕಿವಿಗೊಟ್ಟು ಕೇಳಿದ. ಗೋಡೆಯ ಬಿರುಕಿನಿಂದ ತಣ್ಣನೆಯ ಗಾಳಿ ಬರುತ್ತಿದೆ ಎಂಬ ಒಂದೇ ಮಾತಿನಿಂದ ಗುಪ್ತದ್ವಾರವನ್ನು ಊಹಿಸಿದ. ನಂತರ ಬೇಸರ ಬಂದಿತು. ಆಜ್ಞೆಯನ್ನು ತಾನಾಗಿಯೇ ಪುನರುಚ್ಚರಿಸುವ ಪುಟ್ಟ ಕ್ರಮವಿಧಿಯೊಂದನ್ನು ಬರೆದು, ಕೆಲಸವನ್ನೆಲ್ಲ ಯಂತ್ರಕ್ಕೊಪ್ಪಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳತೊಡಗಿದ. ಆಡುವವನು ಇಲ್ಲದೆಯೇ ಆಟ ನಡೆಯಿತು. ಗ್ರಹಿಸುವವನು ಇಲ್ಲದೆಯೇ ಗ್ರಹಿಕೆಯ ಅಂಕಿ ಏರುತ್ತಾ ಹೋಯಿತು. ಅನೇಕ ಆಟಗಳಲ್ಲಿ ಹೀಗೆ ಮಾಡುವುದು ನಿಯಮಬಾಹಿರ. ಅದರ ಕಾರಣ ಅವನಿಗೆ ಅಂದು ಹೊಳೆಯಲಿಲ್ಲ.

ಕೊಯ್ಲಿನ ಕಾಲ. ತಂದೆ ತೋಟಕ್ಕೂ ತಾಯಿ ಅಂಗಡಿಗೂ ಹೋಗಿದ್ದರು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಹಿಂಗಾರಿನ ಮಳೆ ಹೇಳಿ ಕೇಳಿ ಬರುವುದಲ್ಲ. ಗುಡುಗಿತು; ಗಾಳಿ ಬೀಸಿತು; ದಪ್ಪ ಹನಿಗಳು ಬಿದ್ದವು. ಟಾರ್ಪಾಲು ಬಾಗಿಲ ಬಳಿಯೇ ಇತ್ತು. ಅದನ್ನು ಎಳೆದು ಹೊದಿಸಲು ಕಣ್ಣು ಬೇಕಿರಲಿಲ್ಲ. ತಾಯಿ ಓಡಿಬಂದಾಗ ಅಡಿಕೆ ನೀರಿನಲ್ಲಿ ತೇಲುತ್ತಿತ್ತು. ನೆನೆದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ವರ್ಷದ ದುಡಿಮೆಯ ಒಂದು ಪಾಲು ಅಲ್ಲಿ ಹಾಳಾಗಿತ್ತು.

“ಗುಡುಗು ಕೇಳಿಸ್ಲಿಲ್ಲೇನೋ ಮಗಾ?” ಎಂದಳು ತಾಯಿ. ಅದು ಬೈಗುಳವಾಗಿರಲಿಲ್ಲ. ಕಣ್ಣು ಹೋದಂತೆ ಕಿವಿಯೂ ಹೋಯಿತೇನೋ ಎಂಬ ದಿಗಿಲು ಆ ದನಿಯಲ್ಲಿತ್ತು. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೇನೋ; ಆ ದಿಗಿಲನ್ನು ಸಹಿಸಲಾಗಲಿಲ್ಲ. ಗ್ರಹಿಕೆಯನ್ನು ಸಾಧಿಸುತ್ತಿದ್ದೆ ಎಂದು ಅವನು ಯಾವ ಬಾಯಿಂದ ಹೇಳಬೇಕು?

ತಂದೆ ಅಂದು ಏನೂ ನುಡಿಯಲಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ತೆಗೆದರು. ಹಸುಳೆಯಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010), ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಬಳಿ ಕಲಿತು, ಮುಂದೆ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದವರು. ಅಲ್ಲಿಯೂ ಪುನರಾವರ್ತನೆಯೇ ಸಾಧನೆ. ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡಬೇಕು. ಆದರೆ ಹಾಡುವವನು ತನ್ನ ಸ್ವರವನ್ನು ತಾನೇ ಆಲಿಸುತ್ತಿರಬೇಕು, ತಪ್ಪಿದಾಗ ತಿದ್ದುವ ಗುರುವಿನ ಕಿವಿಯೂ ಬಳಿಯಲ್ಲಿರಬೇಕು. ಆಲಿಸದೆ ಸಾವಿರ ಸಲ ಹಾಡಿದರೂ ಗಂಟಲು ದಣಿಯುತ್ತದೆಯೇ ಹೊರತು ಸ್ವರ ನಿಲ್ಲುವುದಿಲ್ಲ.

ತರುಣ ಆಟವನ್ನು ಬಿಡಲಿಲ್ಲ; ಆ ಕ್ರಮವಿಧಿಯನ್ನು ಅಳಿಸಿಹಾಕಿದ. ಆಟಕ್ಕೆ ಕೂರುವಾಗ ಒಂದು ಕಿವಿಯನ್ನು ಅಂಗಳಕ್ಕೆ ತೆರೆದಿಡುವುದನ್ನು ರೂಢಿ ಮಾಡಿಕೊಂಡ. ಅಪರಾಹ್ನದ ಹೊತ್ತು ಅಡಿಕೆಯ ನಡುವೆ ಕುಳಿತು, ಒಂದು ಹಿಡಿ ಎತ್ತಿ ಅಂಗೈಯಲ್ಲಿ ಕುಲುಕಿ ಕೇಳತೊಡಗಿದ. ಹಸಿಯಿರುವುದು ಮಂದವಾಗಿ ನುಡಿಯುತ್ತದೆ, ಒಣಗಿದ್ದು ಕಣಕಣ ಎನ್ನುತ್ತದೆ. ಇವೆರಡರ ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ ಎಂಬುದು ಕಣ್ಣಿದ್ದ ಕಾಲದಲ್ಲಿ ಅವನ ಅರಿವಿಗೇ ಬಂದಿರಲಿಲ್ಲ. “ಇದು ಇನ್ನೂ ಎರಡು ದಿನ ಒಣಗಬೇಕು ಅಪ್ಪಾಜಿ” ಎಂದು ಅವನು ಹೇಳಿದರೆ, ತಂದೆ ಅಡಕತ್ತರಿಯಿಂದ ಒಂದನ್ನು ಸೀಳಿ ಎರಡು ಹೋಳುಗಳನ್ನೂ ಅವನ ಕೈಗಿಡುತ್ತಾರೆ. ಕೆಲವು ಸಲ ಅವನ ಎಣಿಕೆ ಸರಿಯಾಗಿರುತ್ತದೆ, ಕೆಲವು ಸಲ ತಪ್ಪುತ್ತದೆ. ತಪ್ಪಿದಾಗ ಆ ಹೋಳನ್ನು ಬೆರಳಿನಿಂದ ಸವರುತ್ತಾ ಬಹಳ ಹೊತ್ತು ಕುಳಿತಿರುತ್ತಾನೆ. ಅವನು ಎಷ್ಟು ಕಲಿತನೆಂದು ಅಲ್ಲಿ ಯಾವ ಅಂಕಿಯೂ ತೋರಿಸುವುದಿಲ್ಲ.

ಇಲ್ಲಿ ಆಟವನ್ನು ದೂರುವ ಪ್ರಮೇಯವಿಲ್ಲ. ಬರಿಯ ಮಾತಿನಿಂದ ಒಂದು ಗುಹೆಯನ್ನು ಕಾಣಲು ಅವನಿಗೆ ಕಲಿಸಿದ್ದು ಆ ಆಟವೇ. ಕೆಟ್ಟದ್ದು ಅಭ್ಯಾಸವಲ್ಲ, ಅಭ್ಯಾಸದಲ್ಲಿ ತಾನಿಲ್ಲದಿರುವುದು. ನಿತ್ಯದ ಓದು, ಜಪ, ಕಾಯಕಗಳಲ್ಲಿಯೂ ಇಂಥ ಕ್ರಮವಿಧಿಯೊಂದು ನಮಗರಿಯದೆಯೇ ಸೇರಿಕೊಂಡಿರುವುದುಂಟು. ಕೈ ನಡೆಯುತ್ತದೆ, ನಾಲಗೆ ನುಡಿಯುತ್ತದೆ, ಎಣಿಕೆ ಏರುತ್ತದೆ. ಅಂಗಳದಲ್ಲಿ ಮಳೆ ಸುರಿಯುತ್ತಿರುತ್ತದೆ. ಶರಣರು ಮರವೆಯೆಂದು ಕರೆದದ್ದು ಇದನ್ನಲ್ಲದೆ ಬೇರಾವುದನ್ನು?