ತುಟಿ ಕಾಸುವುದು

ನಮ್ಮ ಕಡೆ ಹಲಗೆಯವರು ಬಾರಿಸುವ ಮೊದಲು ಹಲಗೆಯನ್ನು ಕಾಸುತ್ತಾರೆ. ಒಂದಿಷ್ಟು ಹುಲ್ಲು, ಒಣ ಕಸ, ಹಳೆಯ ಪೇಪರು ಗುಡ್ಡೆ ಮಾಡಿ ಬೆಂಕಿ ಹಚ್ಚಿ, ಚರ್ಮದ ಮುಖವನ್ನು ಅದಕ್ಕೆ ಒಡ್ಡಿ, ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಒಡ್ಡುತ್ತಾರೆ. ಸಡಿಲಾದ ಚರ್ಮ ಬಿಗಿಯಾಗಿ ಠಣ್ ಅನ್ನುವವರೆಗೆ ದೇವರ ಪಲ್ಲಕ್ಕಿಯೂ ಕಾಯುತ್ತದೆ, ಮದುಮಗನೂ ಕಾಯುತ್ತಾನೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಚರ್ಮ ಬಿಸಿಯಾಗದೆ ನುಡಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆದರೆ ಅದೇ ಮೆರವಣಿಗೆಯಲ್ಲಿ ಟ್ರಂಪೆಟ್ ಊದುವವನ ತುಟಿಯೂ ಚರ್ಮವೇ, ಅದನ್ನೂ ಕಾಸಬೇಕು ಎಂಬುದು ಯಾರಿಗೂ ಹೊಳೆದಂತಿಲ್ಲ. ಟೆಂಪೋದಿಂದ ಇಳಿಯುವುದೇ ತಡ, "ಹಚ್ರಪಾ, ಟೈಮ್ ಆತು" ಎನ್ನುತ್ತಾರೆ.

ನಮ್ಮೂರು ಚೀಕಲಪರ್ವಿ. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಸಾಹಿತ್ಯ ಓದುವವರಿಗೆ ಈ ಊರಿನ ಹೆಸರು ಗೊತ್ತಿರುವುದು ವಿಜಯದಾಸರಿಂದ. 1682ರಲ್ಲಿ ಇಲ್ಲಿ ಬಡತನದಲ್ಲಿ ಹುಟ್ಟಿ, ಕಾಶಿಗೆ ಹೋಗಿ ಬಂದು, ವಿಜಯವಿಠಲ ಅಂಕಿತದಲ್ಲಿ ಬರೆದವರು ಅವರು. ಸುಳಾದಿಗಳನ್ನು ಎಷ್ಟು ಬರೆದರೆಂದರೆ ಸುಳಾದಿ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. ನನ್ನ ಪಿಎಚ್.ಡಿ. ಇರುವುದೂ ಸುಳಾದಿಗಳ ಮೇಲೆಯೇ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳು ಆ ಪದ್ಯಗಳಲ್ಲಿ ಹೇಗೆ ದುಡಿಯುತ್ತವೆ ಎಂದು ನೋಡುವುದು ನನ್ನ ಕೆಲಸ. ಇವೇ ಏಳು ತಾಳಗಳಲ್ಲಿ ಕರ್ನಾಟಕ ಸಂಗೀತದ ಮಕ್ಕಳು ಇಂದಿಗೂ ಅಲಂಕಾರ ಕಲಿಯುತ್ತಾರೆ. ಅದಕ್ಕೂ ಮೊದಲಿನ ಸರಳೆ ವರಸೆ, ಜಂಟಿ ವರಸೆಗಳನ್ನು ಪರಂಪರೆ ಪುರಂದರದಾಸರಿಗೆ ಸಲ್ಲಿಸುತ್ತದೆ. ನನಗೆ ಇದು ಮೊದಲಿನಿಂದಲೂ ದೊಡ್ಡ ಮಾತು ಅನಿಸಿದೆ. ಅಷ್ಟೆಲ್ಲ ಕೀರ್ತನೆ ಬರೆದ ಮನುಷ್ಯನನ್ನು ಸಂಗೀತಗಾರರು ಪಿತಾಮಹ ಅಂದದ್ದಕ್ಕೆ ಒಂದು ಮುಖ್ಯ ಕಾರಣ, ಕೀರ್ತನೆಗಿಂತ ಮೊದಲು ಏನು ಮಾಡಬೇಕು ಎಂದು ಆತ ಹೇಳಿಕೊಟ್ಟನೆಂಬ ನಂಬಿಕೆ.

ಆದರೆ ನಮ್ಮ ಮನೆ ದಾಸರ ಕಡೆಯದಲ್ಲ. 'ಬಾಜಾ ಭಜಂತ್ರಿ' ಎಂಬ ಮಾತಿನ ಎರಡನೆಯ ಅರ್ಧ ನಾವು. ಅಜ್ಜ ಸನಾದಿ ನುಡಿಸುತ್ತಿದ್ದ. ಕಾಕಾ ಟ್ರಂಪೆಟ್ ಹಿಡಿದ. ಅಪ್ಪ ಸೈಡ್ ಡ್ರಮ್ ಬಾರಿಸುತ್ತಿದ್ದು, ಬೆನ್ನು ನೋವಿಗೆ ಬಿಟ್ಟ. ನಾನು ಓದಿದೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ನಮ್ಮ ಭಾಗದಲ್ಲಿ ಮದುವೆಯ ಹಂಗಾಮು ಶುರುವಾಗುವುದಿತ್ತು. ಬ್ಯಾಂಡಿನವರಿಗೆ ವರ್ಷದ ಗಳಿಕೆಯೆಂದರೆ ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ಆ ದಿನಗಳೇ. ಮರುವರ್ಷವೂ ಏಪ್ರಿಲ್ ಕೊನೆಗೆ ಎಲ್ಲ ಮುಚ್ಚಿತು. ಎರಡು ಹಂಗಾಮು ಹೋದವು. ಕಾಕಾ ಟ್ರಂಪೆಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಭತ್ತದ ಗದ್ದೆಯ ಕೂಲಿಗೆ ಹೋದ. ಮತ್ತೆ ಮದುವೆಗೆ ಕರೆ ಬಂದಾಗ ಪಂಚೆ ಬಿಚ್ಚಿ, ಬಟನ್‌ಗಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟು ಹೊರಟ. ವಾದ್ಯ ಸರಿಯಿತ್ತು. ತುಟಿ ಸರಿಯಿರಲಿಲ್ಲ. ಹದಿನೈದು ನಿಮಿಷಕ್ಕೆ ಬಾಯಿಯ ಮೂಲೆಗಳಿಂದ ಗಾಳಿ ಸೋರತೊಡಗಿ, ಮೇಲಿನ ಸ್ವರಗಳು ಬರದೆ, ಕೆಳಗಿನವು ಒಡೆದು, ಉಳಿದ ಮೆರವಣಿಗೆಯನ್ನು ಕ್ಲಾರ್ನೆಟ್ಟಿನವನೇ ಎಳೆದ. ಬೀಗರ ಪೈಕಿ ಒಬ್ಬರು, "ಡಿಜೆ ತರಿಸಿದ್ರ ಚಲೋ ಇತ್ತು" ಎಂದದ್ದು ಎಲ್ಲರಿಗೂ ಕೇಳಿಸಿತು. ಕಾಕಾನಿಗೆ ಆಗ ಐವತ್ತೆರಡು.

ಟ್ರಂಪೆಟ್ ಬಗ್ಗೆ ತಿಳಿಯದವರು ಅದರ ಧ್ವನಿ ಹಿತ್ತಾಳೆಯಿಂದ ಬರುತ್ತದೆ ಅಂದುಕೊಳ್ಳುತ್ತಾರೆ. ಧ್ವನಿ ಹುಟ್ಟುವುದು ತುಟಿಯಲ್ಲಿ. ಸನಾದಿಗೆ ಪೀಪಿ ಇದೆ, ಕ್ಲಾರ್ನೆಟ್ಟಿಗೆ ಬೆತ್ತದ ರೀಡ್ ಇದೆ, ಹಾಳಾದರೆ ಬದಲಿಸಬಹುದು. ಟ್ರಂಪೆಟ್ಟಿಗೆ ಅಂಥದ್ದೇನೂ ಇಲ್ಲ. ಎರಡು ತುಟಿಗಳೇ ಒಂದಕ್ಕೊಂದು ತಾಗಿ ನಡುಗಬೇಕು. ಆ ನಡುಕವನ್ನು ಕೊಳವೆ ಹಿಡಿದು, ತನಗೆ ಒಗ್ಗುವ ಸ್ವರವನ್ನು ಆರಿಸಿ ಗಟ್ಟಿಮಾಡುತ್ತದೆ. ಬಾಯಿಯ ಸುತ್ತ ಇರುವ ಸ್ನಾಯು ಪೈಲ್ವಾನನ ತೋಳಿದ್ದಂತೆ. ಗರಡಿ ಬಿಟ್ಟರೆ ಕರಗುತ್ತದೆ. ಕರಗಿದ ಮೇಲೂ ಊದಲೇಬೇಕಾದಾಗ ಎಲ್ಲರೂ ಒಂದು ಅಡ್ಡದಾರಿ ಹಿಡಿಯುತ್ತಾರೆ. ಮೌತ್‌ಪೀಸನ್ನು ತುಟಿಗೆ ಬಲವಾಗಿ ಒತ್ತುತ್ತಾರೆ. ಹಾಗೆ ಮಾಡಿದರೆ ಮೇಲಿನ ಸ್ವರ ಕೂಡಲೇ ಬರುತ್ತದೆ. ಆದರೆ ತುಟಿಗೆ ರಕ್ತ ಹರಿಯುವುದಿಲ್ಲ, ಅದು ಮರಗಟ್ಟುತ್ತದೆ, ಮುಂದೆ ಸೀಳುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್‌ನಂಥ ದೈತ್ಯ ಕೂಡ 1930ರ ದಶಕದಲ್ಲಿ ತುಟಿ ಕೆಟ್ಟು ತಿಂಗಳುಗಟ್ಟಲೆ ಊದುವುದನ್ನು ಬಿಡಬೇಕಾಯಿತು. ನಮ್ಮ ಬ್ಯಾಂಡಿನವರ ಬಾಯ ಮೇಲಿನ ದುಂಡನೆಯ ಗುರುತು ಈ ಒತ್ತುವಿಕೆಯದೇ.

ಕಾಕಾ ಮತ್ತೆ ಮೊದಲಿನಿಂದ ಶುರುಮಾಡಿದ. ನಾನು ಊರಿಗೆ ಹೋದಾಗೆಲ್ಲ ಜೊತೆಗೆ ಕೂತು ಕಲಿತದ್ದರಿಂದ ಆ ಕ್ರಮವನ್ನು ಇಲ್ಲಿ ಬರೆಯಬಲ್ಲೆ.

ಮೊದಲು ವಾದ್ಯ ಮುಟ್ಟುವಂತಿಲ್ಲ. ತುಟಿ ಸಡಿಲ ಬಿಟ್ಟು ಕುದುರೆಯ ಹಾಗೆ ಬುರ್ರ್ ಅನ್ನಿಸಬೇಕು. ಆಮೇಲೆ ಬರೀ ಮೌತ್‌ಪೀಸು: ಅದರಲ್ಲಿ ಜೇನುಹುಳದ ಗುಂಯ್ ಬರುವವರೆಗೆ ಊದಬೇಕು. ಆಮೇಲೆ ವಾದ್ಯಕ್ಕೆ ಸೇರಿಸಿ, ನಡುವಿನ ಒಂದು ಸ್ವರವನ್ನು ಮೆಲ್ಲಗೆ ಹಿಡಿದು ನಿಲ್ಲಬೇಕು. ಏರಿಸಬಾರದು, ಒತ್ತಬಾರದು. ಸ್ವರ ಇಲ್ಲದಲ್ಲಿಂದ ಹುಟ್ಟಿ, ಸ್ವಲ್ಪ ದೊಡ್ಡದಾಗಿ, ಮತ್ತೆ ಇಲ್ಲದಂತಾಗಬೇಕು. ಎಷ್ಟು ಹೊತ್ತು ಊದಿದೆವೋ ಅಷ್ಟು ಹೊತ್ತು ಸುಮ್ಮನೆ ಕೂಡಬೇಕು. ಈ ಸುಮ್ಮನೆ ಕೂಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. "ತುಟಿಗೆ ನೆತ್ತರ ತಿರುಗಿ ಬರಲಿ, ತಮ್ಮಾ. ಅದೂ ಊದೋದರಾಗ ಒಂದು ಭಾಗ ಐತಿ" ಎನ್ನುತ್ತಿದ್ದ ಕಾಕಾ.

ಬೇಸಿಗೆಯಲ್ಲಿ ಒಮ್ಮೆ ನಾನು, ರಾಯಚೂರಿನ ಬಿಸಿಲಿಗೆ ಎಲ್ಲವೂ ತಾನಾಗಿಯೇ ಕಾದಿರುತ್ತದಲ್ಲ, ಮತ್ತೇಕೆ ಇಷ್ಟೆಲ್ಲ ಎಂದು ಕೇಳಿದ್ದೆ. "ಹಿತ್ತಾಳಿ ಕಾದಿರ್ತೈತಿ. ತುಟಿ ಕಾದಿರಂಗಿಲ್ಲ" ಅಂದ. ಅಲ್ಲಿಂದ ನಮ್ಮಿಬ್ಬರ ನಡುವೆ ಇದಕ್ಕೆಲ್ಲ 'ತುಟಿ ಕಾಸೋದು' ಎಂಬ ಹೆಸರು ನಿಂತಿತು.

ನಾಲ್ಕನೆಯ ಹಂತ ನನಗೆ ಅತ್ಯಂತ ಪ್ರಿಯವಾದದ್ದು. ಮೂರು ಬಟನ್‌ಗಳಲ್ಲಿ ಯಾವುದನ್ನೂ ಒತ್ತದೆ, ತುಟಿಯ ಬಿಗಿ ಮತ್ತು ಉಸಿರಿನಿಂದ ಮಾತ್ರ ಸ್ವರ ಬದಲಿಸುವುದು. ಟ್ರಂಪೆಟ್ಟನ್ನು ನೇರ ಮಾಡಿದರೆ ಸುಮಾರು 4.5 ಅಡಿಯ ಕೊಳವೆ. ಆ ಕೊಳವೆ ಎಲ್ಲ ಸ್ವರಗಳನ್ನೂ ಕೊಡುವುದಿಲ್ಲ. ಕೆಳಗಿನಿಂದ ಸಾ, ಪಾ, ಮೇಲಿನ ಸಾ, ಗಾ, ಪಾ ಎಂದು ಮೆಟ್ಟಿಲು ಹಾರಿ ಹಾರಿ ಕೊಡುತ್ತದೆ. ಸಾಮಾನ್ಯವಾಗಿ ಬಳಸುವ ಟ್ರಂಪೆಟ್ಟಿನಲ್ಲಿ ಈ ಸಾ, ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಕರಿ ಐದು. ತಂಬೂರಿಯ ಖರ್ಜದ ತಂತಿ ಮೀಟಿದಾಗ ಯಾರೂ ಮೀಟದ ಗಾಂಧಾರವೊಂದು ಕೇಳುತ್ತದಲ್ಲ, ಈ ಗಾ ಕೂಡ ಅದೇ ನಿಯಮದಿಂದ ಬಂದದ್ದು. ಜಾತ್ರೆಯಲ್ಲಿ ಊದುವ ಕಹಳೆ ಕೊಂಬುಗಳೂ ಇಂಥ ಕೆಲವೇ ಸ್ವರಗಳಲ್ಲಿ ಮಾತಾಡುತ್ತವೆ. ಯುರೋಪಿನ ಟ್ರಂಪೆಟ್ಟೂ 1810ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ವ್ ಕಂಡುಹಿಡಿಯುವವರೆಗೆ ಬಹುಮಟ್ಟಿಗೆ ಹೀಗೇ ಇತ್ತು. ಎರಡನೆಯ ಬಟನ್ ಒತ್ತಿದರೆ ಗಾಳಿಯ ದಾರಿ ಉದ್ದವಾಗಿ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಮೊದಲನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ. ಇವನ್ನು ಸೇರಿಸಿ ಒತ್ತಿ ನಡುವಿನ ಸ್ವರಗಳನ್ನೆಲ್ಲ ತುಂಬಿಕೊಳ್ಳಬೇಕು. ಆದರೂ ಬಟನ್ ಕೊಡುವುದು ದಾರಿಯನ್ನು ಮಾತ್ರ, ಹೋಗಬೇಕಾದದ್ದು ತುಟಿ. ಬಟನ್ ಸರಿಯಾಗಿ ಒತ್ತಿಯೂ ಬೇರೆ ಸ್ವರ ಬರುವುದು ಟ್ರಂಪೆಟ್ ಕಲಿಯುವವನಿಗೆ ದಿನನಿತ್ಯದ ಅನುಭವ. ಹಾಗಾಗಿ ಕಾಕಾ ಬಟನ್ ಮುಟ್ಟದ ಪಾಠವನ್ನು ಮುಗಿಸಿದ ಮೇಲೆಯೇ ಪಲ್ಟಾಗಳಿಗೆ ಬರುತ್ತಿದ್ದ. ಸಾರೆಗ, ರೆಗಮ, ಗಮಪ. ಕೊನೆಗೆ ನಾಲಿಗೆಯ ಕೆಲಸ: ಮೊದಲು ತು ತು, ಆಮೇಲೆ ತುಕು ತುಕು.

ನಾನು ಗ್ರಂಥಾಲಯದ ಅಭ್ಯಾಸದವನು. ಫ್ರಾನ್ಸಿನ ಆರ್ಬನ್ 1864ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ, ಇಂದಿಗೂ ಜಗತ್ತಿನ ಟ್ರಂಪೆಟ್ ವಿದ್ಯಾರ್ಥಿಗಳೆಲ್ಲ ಇಟ್ಟುಕೊಳ್ಳುವ ಪಾಠಪುಸ್ತಕದ ಪ್ರತಿಯೊಂದನ್ನು ಪ್ರಿಂಟ್ ತೆಗೆಸಿ ಒಯ್ದೆ. ಅದರಲ್ಲೂ ಸ್ವರವನ್ನು ನಾಲಿಗೆಯಿಂದ 'ತು' ಎಂದು ಶುರುಮಾಡುವುದಿದೆ, 'ತುಕು' ಇದೆ, ಬಟನ್ ಬದಲಿಸದೆ ತುಟಿಯಿಂದಲೇ ಏರಿಳಿಯುವ ಪಾಠಗಳಿವೆ. ಕಾಕಾ ಸ್ವರಲಿಪಿ ಓದುವುದಿಲ್ಲ. ನಾನು ಸರಿಗಮದಲ್ಲಿ ಬರೆದುಕೊಟ್ಟದ್ದನ್ನು ಎರಡು ದಿನ ಊದಿ ನೋಡಿ ಹೇಳಿದ: "ಈ ಸಾಹೇಬರೂ ನಮ್ಮಪ್ಪ ಹೇಳಿದ್ದನ್ನೇ ಹೇಳ್ಯಾರ. ಒಂದು ಫರಕ್ ಐತಿ. ಊದಾಂವಗ ಒಂದು ಖೋಲಿ ಐತಿ ಅಂತ ತಿಳ್ಕೊಂಡು ಬರದಾರ."

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಟ್ರಂಪೆಟ್ ಅಭ್ಯಾಸ ಕೇಳಲು ಚೆನ್ನಾಗಿರುವುದಿಲ್ಲ. ಒಂದೇ ಸ್ವರ, ಅದೂ ನಡುಗುವುದು, ಒಡೆಯುವುದು, ಮತ್ತೆ ಅದೇ. ಅದನ್ನು ಮೆಲ್ಲಗೆ ಮಾಡಿದರೂ ಓಣಿಗೆಲ್ಲ ಕೇಳುತ್ತದೆ. ಕಾಕಾ ಮನೆಯಲ್ಲಿ ಮೊದಲ ವಾರ ಊದಿದಾಗ, "ಯಾರ ಮದುವಿ ಅದು?" ಎಂದು ನಕ್ಕರು, ಎರಡನೆಯ ವಾರ, "ಗದ್ದಲ ಬಂದ್ ಮಾಡ್ರಿ" ಎಂದರು. ಅದಕ್ಕೇ ಬೆಳಕು ಹರಿಯುವ ಮೊದಲು ಹೊಳೆಯ ದಂಡೆಗೆ ಹೋಗತೊಡಗಿದ. ಬೇಸಿಗೆಯಲ್ಲಿ ತುಂಗಭದ್ರೆ ಬಂಡೆ ಮತ್ತು ಉಸುಕಿನ ನಡುವೆ ಸಣ್ಣಗೆ ಹರಿಯುತ್ತಿರುತ್ತದೆ. ಅಲ್ಲಿ ಒಡೆದ ಸ್ವರಕ್ಕೆ ಯಾರೂ ನಗುವುದಿಲ್ಲ.

ಗಾಯಕರೊಬ್ಬರು ನಸುಕಿನಲ್ಲಿ ಖರ್ಜ ಹಿಡಿದು ಕೂತರೆ ನಾವು ಅದನ್ನು ರಿಯಾಜ್ ಎನ್ನುತ್ತೇವೆ, ಸಾಧನೆ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಅಪಾರ ಗೌರವವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಕೊಟ್ಟದ್ದು ಸಂಗೀತವನ್ನು ಮಾತ್ರವಲ್ಲ. ಊಟ ಕೊಟ್ಟು, ಇರಲು ಜಾಗ ಕೊಟ್ಟು, ತಪ್ಪು ತಪ್ಪಾಗಿ ಹಾಡುತ್ತ ಕೂರುವ ಹಕ್ಕನ್ನೂ ಕೊಟ್ಟರು. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ದುಡಿದು ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದರು. ಬ್ಯಾಂಡಿನ ವಾದ್ಯವೆಂದರೆ ಕೀಳಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ವರ್ಷಗಳು ಬೇಕು. ಮದುವೆ ಬ್ಯಾಂಡಿನ ಹುಡುಗನಿಗೆ ಅವು ಸಿಗುವುದಿಲ್ಲ. ಅವನು ಕಲಿಯುವುದು ಮೆರವಣಿಗೆಯಲ್ಲೇ: ಮೊದಲು ಝುಂಝುಣಿ ಅಲ್ಲಾಡಿಸುತ್ತಾನೆ, ಆಮೇಲೆ ಡ್ರಮ್, ಆಮೇಲೆ ಯಾರೋ ಬಾರದ ದಿನ ಕೈಗೆ ಟ್ರಂಪೆಟ್ ಬರುತ್ತದೆ. ಮೊದಲ ದಿನದಿಂದಲೇ ಗಟ್ಟಿಯಾಗಿ, ಬಿಸಿಲಲ್ಲಿ, ನಡೆಯುತ್ತ, ಮೇಲಿನ ಸ್ವರದಲ್ಲಿ. ಆರ್ಬನ್ ಏನೇನು ಮಾಡಬಾರದೆಂದನೋ ಅದೆಲ್ಲ.

ನನಗೆ ಓದುವುದಕ್ಕೆ ಪ್ರತಿ ತಿಂಗಳೂ ಫೆಲೋಶಿಪ್ ಬರುತ್ತದೆ. ಗ್ರಂಥಾಲಯದಲ್ಲಿ 'ಮೌನ' ಎಂದು ಬೋರ್ಡಿದೆ. ನನ್ನ ಕರಡು ಎಷ್ಟು ಸಲ ಒಡೆದರೂ ಯಾರ ಕಿವಿಗೂ ಬೀಳುವುದಿಲ್ಲ. ಒಂದು ಸುಳಾದಿಯ ಒಂದು ಸಾಲಿನ ಮೇಲೆ ವಾರ ಕಳೆದರೆ ಅದನ್ನು ಸಂಶೋಧನೆ ಎನ್ನುತ್ತಾರೆ. ಒಂದು ಸ್ವರದ ಮೇಲೆ ವಾರ ಕಳೆಯುವ ಕಾಕಾನಿಗೆ ಅದರ ಕೂಲಿ ಯಾರೂ ಕೊಡುವುದಿಲ್ಲ. ಹೊಳೆಯಿಂದ ಬಂದು ಗದ್ದೆಗೆ ಹೋಗಬೇಕು. ಬ್ಯಾಂಡಿನವರು ಅಪಸ್ವರ ಊದುತ್ತಾರೆ ಎಂದು ಹಗುರವಾಗಿ ಹೇಳುವಾಗ ನಾವು ಅವರ ಶ್ರುತಿಜ್ಞಾನದ ಬಗ್ಗೆ ಮಾತಾಡುತ್ತಿರುವುದಿಲ್ಲ. ಅವರಿಗೆ ಸಿಗದ ಬೆಳಗುಗಳ ಬಗ್ಗೆ ಮಾತಾಡುತ್ತಿರುತ್ತೇವೆ.

ಆರು ತಿಂಗಳಿಗೆ ಕಾಕಾನ ತುಟಿ ಬಹುಮಟ್ಟಿಗೆ ಮರಳಿತು. ಹಿಂದಿನಷ್ಟು ಎತ್ತರಕ್ಕೆ ಹೋಗುವುದಿಲ್ಲ. ಮೇಲಿನ ಸಾಲುಗಳನ್ನು ಹರೆಯದ ಹುಡುಗನಿಗೆ ಬಿಟ್ಟು ತಾನು ಕೆಳಗೆ ನಿಲ್ಲುತ್ತಾನೆ. ಆದರೆ ನಡುವಿನ ಸ್ವರ ದುಂಡಗಾಗಿದೆ. ಆ ಹುಡುಗ, ಜೊತೆಗೆ ಇನ್ನಿಬ್ಬರು, ಈಗ ಬಿಡುವಿದ್ದಾಗ ಹೊಳೆಗೆ ಬರುತ್ತಾರೆ. ಹದಿನೈದು ದಿನ ಮೌತ್‌ಪೀಸಿನಲ್ಲೇ ಗುಂಯ್‌ಗುಡಿಸಿ ಅವರ ತಾಳ್ಮೆ ಕೆಡಿಸಿದ್ದಾನೆ.

ಈಚೆಗೆ ಬುಕಿಂಗ್ ಮಾಡಿಕೊಳ್ಳುವಾಗ ಕಾಕಾ ಒಂದು ಶರತ್ತು ಸೇರಿಸುತ್ತಾನೆ. ರೊಕ್ಕ, ಟೆಂಪೋ ಬಾಡಿಗೆ, ಊಟದ ಮಾತು ಮುಗಿದ ಮೇಲೆ, "ಮೆರವಣಿಗೆಗೆ ಅರ್ಧ ತಾಸು ಮೊದಲು ನಮಗೊಂದು ಜಾಗ ಬೇಕ್ರಿ" ಎನ್ನುತ್ತಾನೆ. ಡ್ರೆಸ್ ಹಾಕಿಕೊಳ್ಳಲಿಕ್ಕೇನು ಎಂದು ಕೇಳುತ್ತಾರೆ. "ಅಲ್ರಿ, ತುಟಿ ಕಾಸಾಕ." ಕೆಲವರು ನಗುತ್ತಾರೆ. ಹಲಗೆಯ ಉದಾಹರಣೆ ಕೊಟ್ಟರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಒಬ್ಬರು ದನದ ಕೊಟ್ಟಿಗೆ ತೋರಿಸಿದರು, ಇನ್ನೊಬ್ಬರು ಶಾಲೆಯ ಪಡಸಾಲೆ ಬಿಡಿಸಿಕೊಟ್ಟರು. ಕಳೆದ ಹಂಗಾಮಿನಲ್ಲಿ ಏಳು ಮದುವೆಗಳಲ್ಲಿ ಜಾಗ ಸಿಕ್ಕಿತು. ಕಾಕಾ ಅದನ್ನು ಲೆಕ್ಕದ ವಹಿಯಲ್ಲಿ, ಗಳಿಕೆಯ ಪಕ್ಕದಲ್ಲಿ ಬರೆದಿಟ್ಟಿದ್ದಾನೆ.