ಶೇಂಗಾ ಹೊಲದ ಜೀವಕುಲಗಳು

ರಾಯದುರ್ಗಕ್ಕೆ ಸಮೀಪದ ಗುಮ್ಮಘಟ್ಟ ಅನಂತಪುರ ಜಿಲ್ಲೆಯ ಗಡಿಸೀಮೆ. ಹಗರಿ ಎಂದೂ ಕರೆಯುವ ವೇದಾವತಿಗೆ ಭೈರವಾನಿತಿಪ್ಪೆಯ ಬಳಿ ಅಣೆಕಟ್ಟು ಕಟ್ಟಿರುವುದೂ ಈ ಸೀಮೆಯಲ್ಲಿಯೇ. ಕನ್ನಡ, ತೆಲುಗುಗಳೆರಡೂ ಕಿವಿಗೆ ಬೀಳುವ ಈ ನೆಲದಲ್ಲಿ ಮಳೆಯನ್ನು ನಂಬಿ ಬಿತ್ತುವ ಮುಖ್ಯ ಬೆಳೆಗಳಲ್ಲೊಂದು ಕಡಲೆಕಾಯಿ. ತೆಲುಗಿನಲ್ಲಿ ಅದು ವೇರುಶನಗ, ಅಂದರೆ ಬೇರಿನ ಕಡಲೆ. ಕನ್ನಡದ ಹೆಸರೂ ಅದನ್ನು ಕಡಲೆಯ ಬಳಗಕ್ಕೇ ಸೇರಿಸುತ್ತದೆ. ಉತ್ತರದ ಕನ್ನಡಿಗರ ‘ಶೇಂಗಾ’ ಮಾತ್ರ ಮರಾಠಿಯ ‘ಶೇಂಗ್’ ಎಂಬ, ಕಾಳು ತುಂಬಿದ ಕಾಯಿಯ ಹೆಸರಿಗೆ ಹತ್ತಿರ. ವಾಸ್ತವದಲ್ಲಿ ಈ ಕಾಯಿ ಬೇರಿನಲ್ಲಿ ಬಿಡುವುದೇ ಇಲ್ಲ. ಹೂ ಬಾಡಿದ ಮೇಲೆ ಅದರ ಬುಡದಿಂದ ಹೊರಟ ಕಡ್ಡಿಯು ಮಣ್ಣಿಗಿಳಿದು ಅಲ್ಲಿ ಕಾಯಿಯಾಗುತ್ತದೆ. ಕಣ್ಣು ಕಂಡದ್ದಕ್ಕೆ ನಾಲಗೆ ಹೆಸರಿಟ್ಟಿತು. ಗಿಡದ ನಡೆ ಬೇರೆಯಾಗಿತ್ತು.

ಜೀವಿಗಳ ವರ್ಗೀಕರಣದ ಚರಿತ್ರೆಯೂ ಹೀಗೆಯೇ ಕಣ್ಣಿನಿಂದ ಆರಂಭವಾಯಿತು. 1735ರಲ್ಲಿ ಲಿನೇಯಸ್ ಜೀವಲೋಕವನ್ನು ಸಸ್ಯ, ಪ್ರಾಣಿ ಎಂಬ ಎರಡು ಸಾಮ್ರಾಜ್ಯಗಳಾಗಿ ವಿಂಗಡಿಸಿದನು. ನಿಂತಲ್ಲೇ ನಿಲ್ಲುವ ಅಣಬೆ ಬಹುಕಾಲ ಸಸ್ಯಗಳ ಪಂಕ್ತಿಯಲ್ಲಿತ್ತು. 1969ರಲ್ಲಿ ವಿಟೇಕರ್ ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ ಎಂದು ಐದು ಸಾಮ್ರಾಜ್ಯಗಳನ್ನು ಮಾಡಿದಾಗ ಅಣಬೆಗೆ ಪ್ರತ್ಯೇಕ ಸ್ಥಾನ ದೊರೆಯಿತು. ಅಣಬೆಯ ನಂಟು ಸಸ್ಯಕ್ಕಿಂತ ಪ್ರಾಣಿಗೇ ಹತ್ತಿರವೆಂಬುದು ಇಂದಿನ ತಿಳಿವಳಿಕೆ.

1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆಕಾರವನ್ನು ಬಿಟ್ಟು ಕೋಶದೊಳಗಿನ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದರು. ಆರು ಸಾಲು ಕಂಡೊಡನೆ ಷಟ್ಪದಿಯೆನ್ನಬಹುದು. ಭಾಮಿನಿಯೋ ವಾರ್ಧಕವೋ ಎಂಬುದನ್ನು ಮಾತ್ರೆ ಎಣಿಸಿಯೇ ಹೇಳಬೇಕಷ್ಟೆ. ಹಾಗೆ ಎಣಿಸಿದಾಗ, ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾಗಳಂತೆಯೇ ಕಾಣುತ್ತಿದ್ದ ಕೆಲವು ಜೀವಿಗಳು ಬೇರೆಯೇ ಕುಲದವೆಂದು ತಿಳಿಯಿತು. 1990ರಲ್ಲಿ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕೇರಿಯಾ ಎಂಬ ಮೂರು ಡೊಮೇನ್‌ಗಳು ಸಾಮ್ರಾಜ್ಯಗಳಿಗೂ ಮೇಲಿನ ವಿಭಾಗಗಳಾಗಿ ಪ್ರತಿಪಾದಿತವಾದವು.

ಈ ಮೂರನ್ನೂ ಕಾಣಲು ಒಂದು ಶೇಂಗಾ ಹೊಲವೇ ಸಾಕು. ಶೇಂಗಾ ಗಿಡ, ಅದರ ಎಲೆಗೆ ಚುಕ್ಕೆ ತರುವ ಶಿಲೀಂಧ್ರ, ಉಳುವ ಎತ್ತು, ಉಳುವ ರೈತ ಎಲ್ಲರೂ ಯೂಕೇರಿಯಾದವರು. ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವವು ಬ್ಯಾಕ್ಟೀರಿಯಾ. ಎತ್ತಿನ ಹೊಟ್ಟೆಯಲ್ಲಿ ಮೀಥೇನ್ ಅನಿಲವನ್ನುಂಟುಮಾಡುವವು ಆರ್ಕಿಯಾ.

ಆದರೆ 2000ದಲ್ಲಿ ಅನಂತಪುರದ ಶೇಂಗಾವನ್ನು ವ್ಯಾಪಕವಾಗಿ ಹಾಳುಮಾಡಿದ ಕಾಂಡ ಸಾಯುವ ರೋಗದ ಕಾರಣ ಈ ಮೂರರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಅದು ತಂಬಾಕಿನ ಗೆರೆರೋಗದ ವೈರಸ್. ವೈರಸ್ಸಿಗೆ ಸ್ವಂತ ಕೋಶವಿಲ್ಲ, ರೈಬೋಸೋಮೂ ಇಲ್ಲ. ಆದುದರಿಂದ ವೋಸ್‌ನ ಅಳತೆಗೋಲು ಅದಕ್ಕೆ ಸಲ್ಲದು. ರೋಗದ ಲಕ್ಷಣಗಳು ಮೊದಲೇ ಪರಿಚಿತವಾಗಿದ್ದ ಮೊಗ್ಗು ಸಾಯುವ ರೋಗವನ್ನು ಹೋಲುತ್ತಿದ್ದವು. ಎರಡನ್ನೂ ಹರಡುವುದು ಥ್ರಿಪ್ಸ್ ನುಸಿಯೇ. ಆದರೆ ಹಳೆಯ ರೋಗದ ವೈರಸ್ ನುಸಿಯ ಮೈಯಲ್ಲಿಯೇ ವೃದ್ಧಿಯಾಗುತ್ತದೆ. ಈ ಹೊಸದು ಪರಾಗದೊಡನೆ ಸಾಗುತ್ತದೆ. ಆ ಪರಾಗ ಬಂದದ್ದು ಜನ ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂನಿಂದ. ಸೋಂಕು ತಗುಲಿದರೂ ಆ ಗಿಡ ಹಸುರಾಗಿಯೇ ನಿಂತಿರುತ್ತದೆ.

ಕುಲ ತಿಳಿದ ಮೇಲೆಯೇ ಪರಿಹಾರದ ದಾರಿ ತಿಳಿಯಿತು: ಹೂ ಬಿಡುವ ಮುನ್ನ ಬದುವಿನ ಪಾರ್ಥೇನಿಯಂ ಕೀಳಬೇಕು, ಹೊಲದ ಸುತ್ತ ಜೋಳದ ಸಾಲು ಬೆಳೆಸಿ ನುಸಿಯನ್ನು ತಡೆಯಬೇಕು. ರೋಗ ಕಂಡದ್ದು ಶೇಂಗಾದ ಕಾಂಡದಲ್ಲಿ. ಕೀಳಬೇಕಾದದ್ದು ಬದುವಿನಲ್ಲಿ ಆರೋಗ್ಯವಾಗಿ ಕಾಣುತ್ತಿದ್ದ ಗಿಡವನ್ನು.