ಮಳೆಗಾಲದ ಇರುಳಿನಲ್ಲಿ ವಿಮಾನದ ಇಳಿತ

ನಮ್ಮ ನರಿಮೊಗರಿನ ಸುತ್ತಮುತ್ತ ಕೊಲ್ಲಿ ದೇಶಗಳಿಗೆ ದುಡಿಯಹೋದವರಿರುವ ಮನೆಗಳು ಹಲವುಂಟು. ಅಂಥ ಮನೆಗಳಲ್ಲಿ ಆಟಿ ತಿಂಗಳ ಮಳೆಯು ಎರಡು ಚಿಂತೆಗಳನ್ನು ತರುತ್ತದೆ. ಅಡಕೆಗೆ ಕೊಳೆರೋಗ ತಗಲೀತೆಂಬುದು ಒಂದು. ಇರುಳಿನ ವಿಮಾನದಲ್ಲಿ ಬರುವವರು ಬಜಪೆಯ ಗುಡ್ಡದ ಮೇಲೆ ಸುಖವಾಗಿ ಇಳಿದಾರೆ ಎಂಬುದು ಇನ್ನೊಂದು.

ಈ ಎರಡನೆಯ ಚಿಂತೆ ನಿಷ್ಕಾರಣವಾದುದಲ್ಲ. ೨೦೧೦ನೆಯ ಮೇ ೨೨ರ ಮುಂಜಾನೆ ದುಬಾಯಿಯಿಂದ ಬಂದ ವಿಮಾನವು ಓಟದ ಹಾದಿಯನ್ನು ದಾಟಿ ಕೆಂಜಾರಿನ ಕಮರಿಗೆ ಉರುಳಿ ೧೫೮ ಮಂದಿ ಮಡಿದರು. ಉಳಿದವರು ಎಂಟೇ ಮಂದಿ. ಅಂದು ಮಳೆಯಿರಲಿಲ್ಲ, ಬೆಳಕೂ ಹರಿದಿತ್ತು. ಆದರೂ ಇರುಳೆಲ್ಲ ಹಾರಿ ಬಂದ ವಿಮಾನವದು. ಮುಖ್ಯ ಚಾಲಕರು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂದು ವಿಚಾರಣೆಯಲ್ಲಿ ಹೊರಬಿತ್ತು.

ಮಳೆ, ಇರುಳು, ಗುಡ್ಡ ಮೂರೂ ಕೂಡಿದುದು ನೆರೆಯ ಕರಿಪುರದಲ್ಲಿ, ೨೦೨೦ನೆಯ ಆಗಸ್ಟ್ ೭ರಂದು. ೧೯೦ ಜನರಿದ್ದ ಆ ವಿಮಾನವು ಮೊದಲೊಮ್ಮೆ ಇಳಿಯಲಾರದೆ ಮೇಲೇರಿತು. ಮತ್ತೆ ಎದುರು ತುದಿಯಿಂದ ಬಂದಾಗ ಗಾಳಿ ಬೆನ್ನ ಹಿಂದಿತ್ತು. ಚಾಲಕರ ಮುಂದಣ ಗಾಜನ್ನು ಒರಸುವ ವೈಪರ್ ಕೆಟ್ಟಿತ್ತು. ಬೆನ್ನಗಾಳಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಒದ್ದೆ ನೆಲ ಚಕ್ರವನ್ನು ಹಿಡಿಯದು. ೨೭೦೦ ಮೀಟರಿನ ಹಾದಿಯಲ್ಲಿ ಸುಮಾರು ಅರ್ಧ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಮತ್ತೆ ಮೇಲೇರೋಣವೆಂದು ಸಹಚಾಲಕರು ಕೂಗಿ ಹೇಳಿದ್ದರು. ಬಜಪೆಯಲ್ಲಿಯೂ ಸಹಚಾಲಕರು ಇದನ್ನೇ ಹೇಳಿದ್ದರೆಂಬುದನ್ನು ಓದಿದಾಗ ನಮ್ಮ ಮೈ ಜುಮ್ಮೆಂದಿತು. ಕರಿಪುರದಲ್ಲಿ ಮಡಿದವರು ೨೧ ಮಂದಿ, ಇಬ್ಬರು ಚಾಲಕರೂ ಸೇರಿ. ಕೊರೋನಾದ ಭಯವನ್ನು ಬದಿಗಿಟ್ಟು ಮಳೆಯಲ್ಲಿ ಓಡಿ ಬಂದು ಗಾಯಾಳುಗಳನ್ನು ಹೊತ್ತ ಆ ಊರವರನ್ನು ಸ್ಮರಿಸದಿರಲಾರೆವು.

ನೆಲದ ಮೇಲಿರುವ ನಮಗೆ ದೀಪಗಳು ಕಂಡರೆ ದಾರಿ ಕಂಡಂತೆಯೇ. ಮೇಲಿರುವವರಿಗೆ ಹಾಗಲ್ಲ. ಗಾಜಿನ ಮೇಲೆ ಹರಿಯುವ ನೀರು ದೀಪಗಳನ್ನು ಇದ್ದಲ್ಲಿಂದ ಸರಿಸಿ ತೋರಿಸುತ್ತದೆ. ಕೆಳಗೆ ದೀಪವಿಲ್ಲದ ಕಾಡುಕಣಿವೆಯಿದ್ದರೆ ಎತ್ತರದ ಅಂದಾಜೂ ತಪ್ಪುತ್ತದೆ. ಆದುದರಿಂದಲೇ ನಿಯಮಿತವಾದ ಎತ್ತರಕ್ಕೆ ಬಂದಾಗ ಹಾದಿ ಕಾಣದಿದ್ದರೆ ಮರುಮಾತಿಲ್ಲದೆ ಮೇಲೇರಬೇಕೆಂಬ ಕಟ್ಟಳೆ. ಕಟ್ಟಳೆ ಸುಲಭ. ಮನೆ ಸೇರುವ ಆತುರ, ಮುಗಿಯುತ್ತ ಬಂದ ದುಡಿಮೆಯ ಹೊತ್ತು, ಕಣ್ಣೆದುರಿಗೇ ಹೊಳೆದು ಮರೆಯಾಗುವ ದೀಪ, ಇವುಗಳ ನಡುವೆ ಅದನ್ನು ಪಾಲಿಸುವುದು ಸುಲಭವಲ್ಲವೆಂದು ನಮಗೆ ತೋರುತ್ತದೆ.

ಒಂದು ಆಟಿಯ ಇರುಳು ನಾವು ಅತ್ತಿಗೆಯವರೊಡನೆ ಅವರ ಮಗನನ್ನು ಕರೆತರಲು ಬಜಪೆಗೆ ಹೋಗಿದ್ದೆವು. ಮೋಡದೊಳಗೆ ವಿಮಾನದ ಸದ್ದು ಸಮೀಪಿಸಿತು, ಗುಡುಗಿದಂತಾಯಿತು, ಮತ್ತೆ ದೂರವಾಯಿತು. ಬೆಂಗಳೂರಿಗೆ ಹೋಯಿತೆಂದು ಬಹಳ ಹೊತ್ತಿನ ಮೇಲೆ ತಿಳಿಸಿದರು. ಕಾದಿದ್ದವರಲ್ಲಿ ಕೆಲವರು ಚಾಲಕನನ್ನು ಅಂಜುಕುಳಿಯೆಂದು ಹಳಿದರು. ಅತ್ತಿಗೆಯವರು ಮಾತ್ರ, "ಆ ಪುಣ್ಯಾತ್ಮನ ಹೆತ್ತವ್ವ ತಣ್ಣಗಿರಲಿ," ಎಂದು ಸೆರಗಿನಿಂದ ಮುಖದ ಮಳೆಹನಿಯನ್ನು ಒರಸಿಕೊಂಡರು. ಹುಡುಗನು ಮೂರನೆಯ ದಿನ ಬೆಳಗ್ಗೆ ರೈಲಿನಲ್ಲಿ ಕಬಕ-ಪುತ್ತೂರಿಗೆ ಬಂದಿಳಿದ, ಪೆಟ್ಟಿಗೆ ಬೆಂಗಳೂರಿನಲ್ಲೇ ಉಳಿದಿತ್ತು.